ಓದುಗರ ಪ್ರಶ್ನೆ: ನ್ಯೂಸ್ ನೋಡಿದರೂ ಕಷ್ಟ, ಬಿಟ್ಟರೂ ಕಷ್ಟ

ಪ್ರಶ್ನೆ: ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಸರ್ಕಾರ ಬೀಳುತ್ತದೆ, ಮುಖ್ಯಮಂತ್ರಿ ಬದಲಾಗುತ್ತಾರೆ ಅಂತ ಸುದ್ದಿ ಎದ್ದಾಗಿಂದ ನಮ್ಮ ಟಿವಿಗೆ ಬಿಡುವಿಲ್ಲ. ಯಜಮಾನರು ಮಧ್ಯರಾತ್ರಿವರೆಗೂ ಬ್ರೇಕಿಂಗ್ ನ್ಯೂಸ್ ನೋಡುತ್ತಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಭಾವನವರು ದಿನಾ ಏನಾದರೂ ಹಾಕುತ್ತಾರೆ, ಮೈದುನ ಜಗಳಕ್ಕೆ ನಿಲ್ಲುತ್ತಾನೆ. ನನಗೆ ಎದೆ ಢವಢವ. ನೋಡದೆ ಇದ್ದರೆ ಏನೋ ತಪ್ಪಿಹೋಗುತ್ತೆ ಅನ್ನೋ ಭಯ ಬೇರೆ. ಆರನೇ ಕ್ಲಾಸಿನ ಮಗಳು "ಸರ್ಕಾರ ಬಿದ್ದರೆ ನಮ್ಮ ಸ್ಕೂಲ್ ಮುಚ್ಚುತ್ತಾರಾ ಅಮ್ಮ?" ಅಂತಾಳೆ. ಏನು ಹೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಮಗಳಿಗೆ ಉತ್ತರ ಹೇಳೋಣ ತಾಯಿ. ಸ್ಕೂಲ್ ಮುಚ್ಚುವುದಿಲ್ಲ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟ ದಿನವೂ ಬಿಇಒ ಆಫೀಸು ತೆರೆದಿರುತ್ತದೆ, ಬಿಸಿಯೂಟದ ಒಲೆ ಉರಿಯುತ್ತದೆ. ಅವಳಿಗೆ ಇಷ್ಟು ಸಾಕು.

ಈಗ ನಿಮ್ಮ ವಿಷಯ. ನಾನು ವಿಧಾನಸಭೆಯ ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಇಂಥ ಸುದ್ದಿ ಬಂದಾಗ ನಾನು ಕೇಳಿಕೊಳ್ಳುವುದು ಒಂದೇ: ಇದು ತೀರ್ಮಾನ ಆಗೋದು ಎಲ್ಲಿ, ಯಾವತ್ತು? ಆ ಜಾಗ, ಆ ದಿನ ಗೊತ್ತಾದರೆ ನಡುವಿನದ್ದನ್ನು ಧೈರ್ಯವಾಗಿ ಬಿಡಬಹುದು.

2019ರ ಜುಲೈ ನೆನಪಿದೆಯಲ್ಲ? ಕಾಂಗ್ರೆಸ್, ಜೆಡಿಎಸ್ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದರು. ಚಾನೆಲ್‌ಗಳಲ್ಲಿ ಬರೀ ಬಸ್ಸು, ವಿಮಾನ, ಹೋಟೆಲ್ ಗೇಟು. ನಿಜವಾಗಿ ಏನಾದರೂ ಆದ ದಿನಗಳು ಕಡಿಮೆ. ಜುಲೈ 18ಕ್ಕೆ ಕುಮಾರಸ್ವಾಮಿಯವರು ವಿಶ್ವಾಸಮತ ಕೇಳಿದರು. 23ರ ಸಂಜೆ ಮತಕ್ಕೆ ಹಾಕಿದಾಗ ಪರವಾಗಿ 99, ವಿರುದ್ಧ 105. ಸರ್ಕಾರ ಬಿತ್ತು. ತಿಂಗಳ ಕೊನೆಯೊಳಗೆ ಸ್ಪೀಕರ್ 17 ಶಾಸಕರನ್ನು ಅನರ್ಹ ಮಾಡಿದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತ ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ 5ಕ್ಕೆ ಆ 17ರಲ್ಲಿ 15 ಕ್ಷೇತ್ರಗಳ ಜನ ಓಟು ಹಾಕಿದರು. ಹೋಟೆಲ್ ಗೇಟು ಒಮ್ಮೆಯೂ ನೋಡದವರಿಗೂ ಇದೆಲ್ಲ ಮಾರನೇ ದಿನದ ಪೇಪರಿನಲ್ಲಿ ಸಿಕ್ಕಿತು.

ಬಹುಮತ ಎಣಿಸುವ ಜಾಗ ಸದನವೇ ಅನ್ನೋದು ದೇಶಕ್ಕೆಲ್ಲ ಗಟ್ಟಿಯಾಗಿದ್ದು ನಮ್ಮ ರಾಜ್ಯದ ಕೇಸಿನಿಂದ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ಪಡೆದ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಬಹುಮತ ಇಲ್ಲ ಅಂತ ದೆಹಲಿಗೆ ವರದಿ ಹೋಯಿತು. ಒಂದೆರಡು ದಿನದಲ್ಲೇ ಆ 19ರಲ್ಲಿ 7 ಜನ ತಿರುಗಿ, ನಮಗೆ ಏನೋ ಹೇಳಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಸದನದಲ್ಲಿ ತೋರಿಸ್ತೀನಿ ಅಂದರೂ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು: ಬಹುಮತದ ಪರೀಕ್ಷೆ ಸದನದೊಳಗೇ ಆಗಬೇಕು. ಸಹಿ ಹಾಕಿದ ಪತ್ರಕ್ಕೇ ಈ ಗತಿ. "ಮೂಲಗಳ ಪ್ರಕಾರ ಹನ್ನೆರಡು ಶಾಸಕರು ಸಂಪರ್ಕದಲ್ಲಿ" ಅಂತ ಟಿವಿ ಕೆಳಗೆ ಓಡುವ ಸಾಲಿಗೆ ನೀವ್ಯಾಕೆ ನಿದ್ದೆ ಕೊಡಬೇಕು?

ಹಾಗಂತ ಕಣ್ಣು ಮುಚ್ಚಿಕೊಂಡು ಕೂರಿ ಅಂತಲ್ಲ. ಅದೇ 2019ರಲ್ಲಿ ಯಡಿಯೂರಪ್ಪನವರು ಜುಲೈ 26ಕ್ಕೆ ಪ್ರಮಾಣವಚನ ತಗೊಂಡರು. ಸಚಿವರು ಬಂದಿದ್ದು ಆಗಸ್ಟ್ 20ಕ್ಕೆ. ನಡುವೆ ಬೆಳಗಾವಿ, ಬಾಗಲಕೋಟೆ ಕಡೆ ಭಾರಿ ನೆರೆ. ಮನೆ ಕಳಕೊಂಡವರು ಕೇಳೋಣ ಅಂದರೆ ಕಂದಾಯ ಸಚಿವರಿಲ್ಲ, ಉಸ್ತುವಾರಿ ಸಚಿವರಿಲ್ಲ. ಇಂಥದ್ದಕ್ಕೆ ಎದೆ ಢವಢವ ಅನ್ನಲಿ, ತಪ್ಪಿಲ್ಲ. ಗೇಟಿಗೆ ಕೊಟ್ಟಷ್ಟು ಹೊತ್ತನ್ನು ಇದಕ್ಕೆ ಕೊಡಲಿಲ್ಲ ಅಂತ ನಮ್ಮ ಕಸುಬಿನವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಭಾವನವರ ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಎಷ್ಟೋ ಕೈ ದಾಟಿ ಬಂದದ್ದು, ಅವರೂ ಬರೆದದ್ದಲ್ಲ. ಗ್ರೂಪಿನಲ್ಲಿ ಉತ್ತರಿಸಬೇಡಿ. ಹಿರಿಯರಲ್ವಾ, ನಾಲ್ಕು ಜನರ ಮುಂದೆ ಹೇಳಿದರೆ ಒಪ್ಪೋದಿಲ್ಲ. ಮನೆಗೆ ಬಂದಾಗ ಕಾಫಿ ಕೊಟ್ಟು, "ಭಾವಾ, ಇದು ಯಾವ ಪೇಪರಿನಲ್ಲಿ ಬಂದಿದೆ?" ಅಂತ ಕೇಳಿ. ಮೈದುನನ ಪಾಡಿಗೆ ಮೈದುನ.

ಯಜಮಾನರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ. ಸದನದಲ್ಲಿ ಮತ ಹಾಕುವ ದಿನ ಇಬ್ಬರೂ ಕೂತು ನೇರಪ್ರಸಾರವನ್ನೇ ನೋಡಿ, ಸ್ಟುಡಿಯೋ ಚರ್ಚೆ ಬೇಡ. ಉಳಿದ ದಿನ ಬೆಳಗಿನ ಪೇಪರು, ರಾತ್ರಿ ಒಂಬತ್ತಕ್ಕೆ ಟಿವಿ ಬಂದ್. ಟಿವಿ ಬಂದ್ ಆದ ಮೇಲೂ ಎದೆ ಢವಢವ ನಿಲ್ಲದಿದ್ದರೆ ಅದಕ್ಕೆ ರಾಜಕೀಯವೇ ಕಾರಣ ಅಂತ ಸುಮ್ನೆ ಇರಬೇಡಿ, ಡಾಕ್ಟರಿಗೆ ತೋರಿಸಿ. ಮನಸ್ಸಿನ ದುಗುಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದೇ ಟೆಲಿಮನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.