ರಿಸರ್ಚ್ ಡೀನ್ ಆದ್ರೆ ನಮ್ಮ ಭಾಗಕ್ಕೆ ಇಂಡಸ್ಟ್ರಿ ತರೋಕೆ ನಿಜವಾಗ್ಲೂ ಆಗುತ್ತಾ?

ನಿಮ್ಮ ಪ್ರಶ್ನೆ ಓದ್ದೆ ಸರ್. ಹುಬ್ಬಳ್ಳಿ ಕಡೆ ಇಂಜಿನಿಯರಿಂಗ್ ಕಾಲೇಜಲ್ಲಿ ತುಂಬಾ ವರ್ಷದಿಂದ ಪಾಠ ಮಾಡ್ತಿದೀರಿ, ಈಗ ಮ್ಯಾನೇಜ್‌ಮೆಂಟಿನವರು ರಿಸರ್ಚ್ ಡೀನ್ ಆಗಿ, ಜೊತೆಗೆ ಈ ಭಾಗಕ್ಕೆ ಇಂಡಸ್ಟ್ರಿನೂ ತರಬೇಕು ಅಂತಿದಾರೆ. ಯೂನಿವರ್ಸಿಟಿ ಆಡಳಿತದಲ್ಲಿ ಕೂತವರು ಒಂದು ಪ್ರದೇಶದ ಆರ್ಥಿಕತೆ ಬದಲಾಯಿಸಿದ್ದು ಎಲ್ಲಾದ್ರೂ ಇದೆಯಾ, ಇದ್ರೆ ಅವರು ಏನು ಮಾಡಿದ್ರು, ನನ್ನ ಸ್ವಂತ ರಿಸರ್ಚ್ ಕಥೆ ಏನಾಗುತ್ತೆ ಅಂತ ಕೇಳಿದೀರಿ.

ಇದೆ. ನಾನು ಒಂದು ವಿಶ್ವವಿದ್ಯಾಲಯದ ರಿಸರ್ಚ್ ಆಫೀಸಲ್ಲಿ ಕೆಲಸ ಮಾಡೋನು, ಪ್ರಪೋಸಲ್ಲು, ಬಜೆಟ್ಟು, ಮಾರ್ಚ್ ಬಂತಂದ್ರೆ ಕೊಟ್ಟ ದುಡ್ಡು ಹೇಗೆ ಖರ್ಚಾಯ್ತು ಅಂತ ತೋರಿಸೋ ಯುಟಿಲೈಸೇಶನ್ ಸರ್ಟಿಫಿಕೇಟು, ಇದೇ ನನ್ನ ದಿನಚರಿ. ಈ ಥರದ ಕೆಲಸ ಎಷ್ಟು ದೂರ ಹೋಗಬಲ್ಲದು ಅಂತ ನನಗೆ ಮನದಟ್ಟಾಗಿದ್ದು ಫ್ರೆಡರಿಕ್ ಟರ್ಮನ್ ಬಗ್ಗೆ ಓದಿದ ಮೇಲೆ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಲಿ ಮೊದಲು ಪ್ರೊಫೆಸರ್, ಆಮೇಲೆ ಡಿಪಾರ್ಟ್‌ಮೆಂಟ್ ಹೆಡ್, ಡೀನ್, ಕೊನೆಗೆ 1955ರಿಂದ 1965ರವರೆಗೆ ಪ್ರೊವೋಸ್ಟ್, ಅಂದ್ರೆ ಅಧ್ಯಕ್ಷರ ನಂತರದ ಸ್ಥಾನ. ಸಿಲಿಕಾನ್ ವ್ಯಾಲಿಯ ಪಿತಾಮಹ ಅಂತ ಕರೆಯೋದು ಇವರನ್ನೇ. ಆದ್ರೆ ಅವರ ಹೆಸರು ಹೇಳೋರೆಲ್ಲ "ಕ್ಯಾಂಪಸ್ ಪಕ್ಕ ಇಂಡಸ್ಟ್ರಿಯಲ್ ಪಾರ್ಕ್ ಕಟ್ಟಿದ್ರು" ಅಂತ ಅಷ್ಟಕ್ಕೇ ನಿಲ್ಲಿಸ್ತಾರೆ, ನನ್ನ ಪ್ರಕಾರ ಅವರ ಕೆಲಸದಲ್ಲಿ ಕಟ್ಟಡದ ಪಾಲು ಕಡಿಮೆ, ಜನರ ಪಾಲೇ ಜಾಸ್ತಿ. ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ನಿಮ್ಮ ನಿರ್ಧಾರಕ್ಕೆ ಬೇಕಾಗುತ್ತೆ.

ಟರ್ಮನ್ 1924ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಎಂಐಟಿಲಿ (ಮ್ಯಾಸಚೂಸೆಟ್ಸ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಡಾಕ್ಟರೇಟ್ ಮುಗಿಸಿದ್ರು, ಗೈಡ್ ಆಗಿದ್ದವರು ವ್ಯಾನೆವರ್ ಬುಷ್. ಅಲ್ಲೇ ಪಾಠ ಮಾಡೋ ಕೆಲಸವೂ ಕಾದಿತ್ತು, ಆದ್ರೆ ರಜೆಗೆ ಕ್ಯಾಲಿಫೋರ್ನಿಯಾದ ಮನೆಗೆ ಬಂದಾಗ ಟಿಬಿ ಹಿಡ್ಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದ್ರು. ಆ ಕಡೆ ಹವಾ ಒಳ್ಳೇದು ಅಂತ ಅಲ್ಲೇ ಉಳ್ಕೊಂಡು 1925ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದ್ರು. ಈಗ ಸಿಲಿಕಾನ್ ವ್ಯಾಲಿ ಅನ್ನೋ ಆ ಸಾಂತಾ ಕ್ಲಾರಾ ಕಣಿವೆ ಆಗ ಅಂದ್ರೆ ಏಪ್ರಿಕಾಟ್, ಪ್ಲಮ್ ತೋಟಗಳು, ಹಣ್ಣು ಡಬ್ಬಿಗೆ ತುಂಬೋ ಫ್ಯಾಕ್ಟರಿಗಳು. ಇವರ ಹತ್ರ ಕಲಿತ ಒಳ್ಳೊಳ್ಳೆ ಹುಡುಗರು ಡಿಗ್ರಿ ಮುಗಿದ ತಕ್ಷಣ ಮೂರು ಸಾವಿರ ಮೈಲಿ ದೂರದ ಪೂರ್ವ ಕರಾವಳಿಗೆ ಕೆಲಸ ಹುಡುಕಿಕೊಂಡು ಹೋಗ್ಬಿಡೋರು. ನಿಮ್ಮ ಹುಡುಗರು ರಾತ್ರಿ ಬಸ್ಸು ಹತ್ತಿ ಬೆಂಗಳೂರು, ಪುಣೆ ಸೇರ್ತಾರಲ್ಲ, ಅದೇ ಸಂಕಟ.

ಅವರ ಸ್ಟೂಡೆಂಟ್ ಡೇವಿಡ್ ಪ್ಯಾಕರ್ಡ್ ಕೂಡ ಹಾಗೇ ಹೋಗಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಲಿ ಜನರಲ್ ಎಲೆಕ್ಟ್ರಿಕ್ ಸೇರಿದ್ದ. 1938ರಲ್ಲಿ ಟರ್ಮನ್ ಸುಮಾರು 500 ಡಾಲರ್ ಫೆಲೋಶಿಪ್ ಹೊಂದಿಸಿ ಆ ಹುಡುಗನನ್ನ ವಾಪಸ್ ಕರೆಸಿಕೊಂಡ್ರು. ಇನ್ನೊಬ್ಬ ಸ್ಟೂಡೆಂಟ್ ಬಿಲ್ ಹ್ಯೂಲೆಟ್ ಆಗ ಆಡಿಯೋ ಆಸಿಲೇಟರ್, ಅಂದ್ರೆ ಪರೀಕ್ಷೆಗೆ ಬೇಕಾದ ಧ್ವನಿ ಸಿಗ್ನಲ್ ಹುಟ್ಟಿಸೋ ಉಪಕರಣದ ಮೇಲೆ ಕೆಲಸ ಮಾಡ್ತಿದ್ದ. ಆ ಸರ್ಕ್ಯೂಟಲ್ಲಿ ಒಂದು ಪುಟ್ಟ ಬಲ್ಬು ಇತ್ತು. ಸಿಗ್ನಲ್ ಜಾಸ್ತಿಯಾದ್ರೆ ಬಲ್ಬಿನ ತಂತಿ ಬಿಸಿಯಾಗಿ ರೆಸಿಸ್ಟೆನ್ಸ್ ಏರುತ್ತೆ, ಆಗ ಸಿಗ್ನಲ್ ತಾನಾಗೇ ಹತೋಟಿಗೆ ಬರುತ್ತೆ. ದುಬಾರಿ ಉಪಕರಣ ಮಾಡೋ ಕೆಲಸವನ್ನ ಅಗ್ಗದ ಬಲ್ಬು ಮಾಡ್ತು. ಇಬ್ರೂ ಸೇರಿ ಪಾಲೋ ಆಲ್ಟೋದ ಒಂದು ಮನೆ ಗ್ಯಾರೇಜಲ್ಲಿ 538 ಡಾಲರ್ ಬಂಡವಾಳ ಹಾಕಿ 1939ರಲ್ಲಿ ಶುರು ಮಾಡಿದ್ದೇ ಹ್ಯೂಲೆಟ್ ಪ್ಯಾಕರ್ಡ್, ಮೊದಲ ಮಾಡೆಲ್ ಬೆಲೆ 54 ಡಾಲರ್ 40 ಸೆಂಟು, ಅದನ್ನ ಸುಧಾರಿಸಿದ ಮಾಡೆಲ್‌ನಲ್ಲಿ ಎಂಟನ್ನ ವಾಲ್ಟ್ ಡಿಸ್ನಿ ಸ್ಟುಡಿಯೋದವರೇ ತಗೊಂಡ್ರು. ಆಗ ಟರ್ಮನ್ ಇನ್ನೂ ಡೀನ್ ಕೂಡ ಆಗಿರ್ಲಿಲ್ಲ ಸರ್, ಬರೀ ಡಿಪಾರ್ಟ್‌ಮೆಂಟ್ ಹೆಡ್.

ಅದೇ ಕಾಲದಲ್ಲಿ ಸ್ಟ್ಯಾನ್‌ಫರ್ಡ್ ಫಿಸಿಕ್ಸ್ ವಿಭಾಗದವರು ವೇರಿಯನ್ ಅಣ್ಣತಮ್ಮಂದಿರ ಜೊತೆ ಒಂದು ಒಪ್ಪಂದ ಮಾಡ್ಕೊಂಡಿದ್ರು. ಸಂಬಳ ಇಲ್ಲ, ಲ್ಯಾಬಲ್ಲಿ ಜಾಗ ಕೊಡ್ತೀವಿ, ಸಾಮಾನಿಗೆ ವರ್ಷಕ್ಕೆ 100 ಡಾಲರ್ ಕೊಡ್ತೀವಿ, ಏನಾದ್ರೂ ಕಂಡುಹಿಡಿದ್ರೆ ಪೇಟೆಂಟ್ ಆದಾಯದಲ್ಲಿ ಅರ್ಧ ಯೂನಿವರ್ಸಿಟಿಗೆ. ಅದರಿಂದ 1937ರಲ್ಲಿ ಹುಟ್ಟಿದ್ದು ಕ್ಲಿಸ್ಟ್ರಾನ್, ಮುಂದೆ ರೇಡಾರ್‌ಗೂ ಮೈಕ್ರೋವೇವ್ ಸಂಪರ್ಕಕ್ಕೂ ತುಂಬಾ ಮುಖ್ಯವಾದ ಟ್ಯೂಬು. ಇದರ ಕೀರ್ತಿ ಟರ್ಮನ್‌ಗೆ ಸೇರಲ್ಲ, ಆದ್ರೆ ನನಗಂತೂ ಇಷ್ಟು ಚಿಕ್ಕ, ಇಷ್ಟು ಸ್ಪಷ್ಟವಾದ ಒಪ್ಪಂದ ಬೇರೆ ಗೊತ್ತಿಲ್ಲ. ಈಗ ನಾವು ಕಂಪನಿಗಳ ಜೊತೆ ಮಾಡೋ ಎಂಒಯು ಅನ್ನೋ ಒಡಂಬಡಿಕೆಗಳಲ್ಲಿ ಪುಟಗಟ್ಟಲೆ ಬರೆದಿರ್ತೀವಿ, ಯಾರು ಯಾರಿಗೆ ಏನು ಕೊಡ್ತಾರೆ ಅನ್ನೋದು ಮಾತ್ರ ಹುಡುಕಿದ್ರೂ ಸಿಗಲ್ಲ. ನನ್ನ ಟೇಬಲ್ಲಿಗೆ ಅಂಥ ಫೈಲು ಬಂದಾಗೆಲ್ಲ ಬೇಜಾರಾಗುತ್ತೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಟರ್ಮನ್ ಹಾರ್ವರ್ಡ್ ಯೂನಿವರ್ಸಿಟಿಲಿ ರೇಡಿಯೋ ರಿಸರ್ಚ್ ಲ್ಯಾಬೊರೇಟರಿ ನಡೆಸಿದ್ರು, ಶತ್ರು ರೇಡಾರ್ ಕೆಡಿಸೋ ಜ್ಯಾಮರ್‌ಗಳ ಕೆಲಸ, 800ಕ್ಕೂ ಹೆಚ್ಚು ಜನ. ಆಡಳಿತ ಅಂದ್ರೇನು, ಸರ್ಕಾರದ ರಿಸರ್ಚ್ ದುಡ್ಡು ಹೇಗೆ ಹರಿಯುತ್ತೆ ಅನ್ನೋದನ್ನ ಅಲ್ಲೇ ಕಲಿತ್ರು. ಯುದ್ಧದ ರಿಸರ್ಚಿಗೆ ಅಂತ ಎಂಐಟಿಗೆ 11 ಕೋಟಿ ಡಾಲರ್ ಮೇಲೆ ಬಂದ್ರೆ ಸ್ಟ್ಯಾನ್‌ಫರ್ಡಿಗೆ ಬಂದಿದ್ದು ಸುಮಾರು 5 ಲಕ್ಷ ಅಷ್ಟೇ. 1946ರಲ್ಲಿ ಇಂಜಿನಿಯರಿಂಗ್ ಡೀನ್ ಆಗಿ ವಾಪಸ್ ಬಂದಾಗ ಹಾರ್ವರ್ಡ್ ಲ್ಯಾಬಿನ ಒಳ್ಳೆ ಹುಡುಗರಲ್ಲಿ ಕೆಲವರನ್ನ ಜೊತೆಗೇ ಕರ್ಕೊಂಡು ಬಂದ್ರು. ಎಲ್ಲಾ ವಿಷಯದಲ್ಲೂ ಸಾಧಾರಣವಾಗಿ ಇರೋ ಬದಲು ಎಲೆಕ್ಟ್ರಾನಿಕ್ಸ್ ಥರ ಕೆಲವೇ ಕ್ಷೇತ್ರ ಆರಿಸ್ಕೊಂಡು ಅದರಲ್ಲಿ ದೇಶಕ್ಕೇ ಮೊದಲಾಗಬೇಕು ಅನ್ನೋದು ಅವರ ನೀತಿ. ದುಡ್ಡಿಗೂ ಒಂದು ದಾರಿ ಮಾಡ್ಕೊಂಡ್ರು, ಪ್ರೊಫೆಸರ್ ಸಂಬಳದಲ್ಲಿ ಒಂದು ಭಾಗ ರಿಸರ್ಚ್ ಕಾಂಟ್ರಾಕ್ಟಿಂದ ಬರೋ ಹಾಗೆ ಮಾಡಿದ್ರೆ, ಒಬ್ಬರ ಸಂಬಳಕ್ಕೆ ಯೂನಿವರ್ಸಿಟಿ ಇಬ್ಬರನ್ನ ತಗೋಬಹುದು. ಇದು ನಮ್ಮ ನಿಯಮಗಳಲ್ಲಿ ಸುಲಭವಾಗಿ ಕೂರಲ್ಲ ಬಿಡಿ.

ಇನ್ನು ಆ ಪಾರ್ಕು. ಸ್ಟ್ಯಾನ್‌ಫರ್ಡ್ ಹತ್ರ 8000 ಎಕರೆ ಮೇಲೆ ಜಮೀನಿತ್ತು, ಆದ್ರೆ ದಾನ ಕೊಟ್ಟ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಮಾರೋ ಹಾಗಿಲ್ಲ ಅಂತ ಬರೆದಿಟ್ಟಿದ್ರು. ಹಾಗಾಗಿ ಗುತ್ತಿಗೆಗೆ ಕೊಡೋಕೆ ಶುರು ಮಾಡಿದ್ರು, 1951ರಲ್ಲಿ. ಮೊದಲು ಬಂದಿದ್ದು ಅದೇ ವೇರಿಯನ್ ಕಂಪನಿ, ಆಮೇಲೆ ಎಚ್‌ಪಿ, ಕೊಡಾಕ್, ಜನರಲ್ ಎಲೆಕ್ಟ್ರಿಕ್, ಲಾಕ್‌ಹೀಡ್. ಯೂನಿವರ್ಸಿಟಿಗೆ ಬೇಕಿದ್ದಿದ್ದು ಬಾಡಿಗೆ ಆದಾಯ, ಆದ್ರೆ ಕ್ಯಾಂಪಸ್ಸಿಗೆ ಉಪಯೋಗ ಆಗೋ ಕಂಪನಿಗಳೇ ಬರಲಿ ಅಂತ ಪಟ್ಟು ಹಿಡಿದವರು ಟರ್ಮನ್.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಇದಲ್ಲ. 1954ರಲ್ಲಿ ಶುರುವಾದ ಆನರ್ಸ್ ಕೋಆಪರೇಟಿವ್ ಪ್ರೋಗ್ರಾಂ ಅಂತ ಒಂದಿದೆ, ಅದು. ಸುತ್ತಮುತ್ತಲ ಕಂಪನಿಲಿ ಕೆಲಸ ಮಾಡೋ ಇಂಜಿನಿಯರುಗಳು ಕೆಲಸ ಬಿಡದೆ ಸ್ಟ್ಯಾನ್‌ಫರ್ಡಲ್ಲಿ ಮಾಸ್ಟರ್ಸ್ ಮಾಡಬಹುದು, ರೆಗ್ಯುಲರ್ ಸ್ಟೂಡೆಂಟ್ಸ್ ಜೊತೆ ಅದೇ ಕ್ಲಾಸು, ಅದೇ ಪರೀಕ್ಷೆ. ಕಂಪನಿ ಟ್ಯೂಶನ್ ಫೀಜಿನ ಎರಡರಷ್ಟು ಕಟ್ಟಬೇಕು, ಯಾಕಂದ್ರೆ ಒಬ್ಬ ಸ್ಟೂಡೆಂಟಿಗೆ ಯೂನಿವರ್ಸಿಟಿಗೆ ನಿಜವಾಗಿ ತಗಲೋ ಖರ್ಚು ಫೀಜಿಗಿಂತ ಜಾಸ್ತಿ. 1961ರ ಹೊತ್ತಿಗೆ 32 ಕಂಪನಿ, ಸುಮಾರು 400 ಜನ ಇದರಲ್ಲಿದ್ರು. ಯೋಚನೆ ಮಾಡಿ ಸರ್, ಅಷ್ಟು ಇಂಜಿನಿಯರುಗಳು ವಾರ ವಾರ ಕ್ಯಾಂಪಸ್ಸಿಗೆ ಬಂದು ಕೂತರೆ ಪ್ರೊಫೆಸರಿಗೆ ಇಂಡಸ್ಟ್ರಿಲಿ ಏನು ನಡೀತಿದೆ ಅಂತ ಬೇರೆ ಸರ್ವೇ ಮಾಡಿಸೋ ಅಗತ್ಯವೇ ಇಲ್ಲ, ಪಕ್ಕದಲ್ಲಿ ಕೂತ ಹುಡುಗನಿಗೆ ಕೆಲಸ ಎಲ್ಲಿದೆ ಅಂತ ಗೊತ್ತಾಗುತ್ತೆ, ಕಂಪನಿಗೆ ಇಲ್ಲಿಂದ ಬೇರೆ ಊರಿಗೆ ಹೋಗೋ ಮನಸ್ಸೇ ಬರಲ್ಲ.

ಹಾಗಂತ ಎಲ್ಲಾ ಟರ್ಮನ್ ಒಬ್ಬರೇ ಮಾಡಿದ್ರು ಅನ್ನೋದನ್ನ ನಾನು ಒಪ್ಪಲ್ಲ. ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ 1956ರಲ್ಲಿ ಕಂಪನಿ ಮಾಡೋಕೆ ಪಾಲೋ ಆಲ್ಟೋ ಪಕ್ಕದ ಮೌಂಟನ್ ವ್ಯೂಗೆ ಬಂದಿದ್ದಕ್ಕೆ ಟರ್ಮನ್ ಒತ್ತಾಸೆ ಒಂದು ಕಾರಣ, ಶಾಕ್ಲಿ ತಾಯಿ ಪಾಲೋ ಆಲ್ಟೋದಲ್ಲಿದ್ದಿದ್ದು ಇನ್ನೊಂದು. ಆ ಕಂಪನಿ ಬಿಟ್ಟು ಎಂಟು ಜನ 1957ರಲ್ಲಿ ಚಿಪ್ ಕಂಪನಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಶುರು ಮಾಡಿದ್ದನ್ನ ಯಾವ ಪ್ರೊವೋಸ್ಟೂ ಪ್ಲಾನ್ ಮಾಡಿರ್ಲಿಲ್ಲ. ಹಿಂದೆ ನಿಂತು ದುಡ್ಡು ಸುರಿದಿದ್ದು ಶೀತಲ ಸಮರದ ಮಿಲಿಟರಿ ಬಜೆಟ್ಟು. ಯೂನಿವರ್ಸಿಟಿ ಒಳಗೂ ಕಾಂಟ್ರಾಕ್ಟ್ ತರಲಾಗದ ಮಾನವಿಕ ವಿಭಾಗದವರಿಗೆ ಅವರ ಲೆಕ್ಕಾಚಾರದಿಂದ ತುಂಬಾ ನೋವಾಗಿದೆ. ಚಿಪ್ ಫ್ಯಾಕ್ಟರಿಗಳ ಸಾಲ್ವೆಂಟ್‌ಗಳು ನೆಲಕ್ಕಿಳಿದು ಸಾಂತಾ ಕ್ಲಾರಾ ಕೌಂಟಿಯ ಅಂತರ್ಜಲ ಕೆಟ್ಟಿತು, ಅಮೆರಿಕದಲ್ಲೇ ಅತಿ ಹೆಚ್ಚು ಸೂಪರ್‌ಫಂಡ್ ಜಾಗಗಳಿರೋ, ಅಂದ್ರೆ ಸರ್ಕಾರದ ಪಟ್ಟಿಯಲ್ಲಿ ಶುಚಿ ಮಾಡಬೇಕಾದ ವಿಷದ ಜಾಗಗಳಿರೋ ಕೌಂಟಿ ಅದು. ಇಂಡಸ್ಟ್ರಿ ತರ್ತೀವಿ ಅನ್ನೋರು ನೀರಿನ ಲೆಕ್ಕವನ್ನೂ ಮೊದಲೇ ಹಾಕಬೇಕು.

ನಿಮಗೆ ತುಂಬಾ ಉಪಯೋಗ ಆಗೋದು ರಿಟೈರ್ ಆದ ಮೇಲಿನ ಕಥೆ. ನ್ಯೂಜೆರ್ಸಿಯವರು ಟರ್ಮನ್ ಅವರನ್ನ ಕರೆದು ನಮ್ಮಲ್ಲೂ ಹಂಗೇ ಮಾಡಿಕೊಡಿ ಅಂದ್ರು. ಅಲ್ಲಿ ಬೆಲ್ ಲ್ಯಾಬ್ಸ್, ಆರ್‌ಸಿಎ ಥರದ ದೊಡ್ಡ ಕಂಪನಿ ಲ್ಯಾಬುಗಳಿದ್ವು, ದುಡ್ಡಿಗೆ ಬರ ಇರ್ಲಿಲ್ಲ, ಆದ್ರೂ ಕೈಗೂಡಲಿಲ್ಲ. ದೊಡ್ಡ ಕಂಪನಿಗಳು ತಮ್ಮ ತಮ್ಮ ಲ್ಯಾಬಿನ ಗೋಡೆಯೊಳಗೇ ಇದ್ದು ರೂಢಿಯಾಗಿತ್ತು, ಒಟ್ಟಿಗೆ ಸೇರಿ ಒಂದು ಯೂನಿವರ್ಸಿಟಿ ಕಟ್ಟೋಕೆ ಮನಸ್ಸು ಮಾಡಲಿಲ್ಲ.

ಅದೇ ದಕ್ಷಿಣ ಕೊರಿಯಾದಲ್ಲಿ ಆಯ್ತು. ಚುಂಗ್ ಕುನ್-ಮೋ ಅನ್ನೋ ಯುವ ವಿಜ್ಞಾನಿ, ಇಂಜಿನಿಯರಿಂಗ್ ಹುಡುಗರು ದೇಶ ಬಿಟ್ಟು ಹೋಗ್ತಿದಾರೆ, ಇಲ್ಲೇ ಒಂದು ಒಳ್ಳೆ ಸ್ನಾತಕೋತ್ತರ ಸಂಸ್ಥೆ ಬೇಕು ಅಂತ ಪ್ರಸ್ತಾವ ಕೊಟ್ಟಿದ್ರು. ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಕಡೆಯಿಂದ ಹೋದ ತಂಡಕ್ಕೆ ಟರ್ಮನ್ ಮುಖ್ಯಸ್ಥರು, 1970ರಲ್ಲಿ ವರದಿ ಕೊಟ್ರು, 1971ರಲ್ಲಿ ಸಂಸ್ಥೆ ಹುಟ್ಟಿತು, ಇವತ್ತಿನ ಕೈಸ್ಟ್ ಅದೇ. ಅದನ್ನ ಶಿಕ್ಷಣ ಇಲಾಖೆ ಕೆಳಗೆ ಇಡದೆ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯದ ಕೆಳಗೆ, ಬೇರೆ ಕಾನೂನು ಮಾಡಿ ಇಟ್ರು. ಓದೋ ಹುಡುಗರಿಗೆ ಸ್ಕಾಲರ್‌ಶಿಪ್ ಮತ್ತೆ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯ್ತಿ, ವಿದೇಶದಿಂದ ವಾಪಸ್ ಬರೋ ಪ್ರೊಫೆಸರಿಗೆ ಒಳ್ಳೆ ಸಂಬಳ, ಮನೆ. ನೋಡಿ, ಪ್ಯಾಕರ್ಡ್‌ಗೆ 500 ಡಾಲರ್ ಹೊಂದಿಸಿದ ಮನುಷ್ಯನೇ ಇಲ್ಲೂ ಕಾಣ್ತಾರೆ, ಹೋದವನು ಯಾಕೆ ವಾಪಸ್ ಬರಬೇಕು ಅನ್ನೋ ಪ್ರಶ್ನೆಗೆ ಮೊದಲು ಉತ್ತರ ಇಟ್ಕೊಂಡು ಆಮೇಲೆ ಸಂಸ್ಥೆ.

ಬೆಂಗಳೂರನ್ನ ನೋಡಿ ನಿರಾಸೆ ಆಗಬೇಡಿ. ಅಲ್ಲಿ 1909ರಿಂದ ಐಐಎಸ್‌ಸಿ ಇತ್ತು, 1940ರಲ್ಲಿ ಎಚ್‌ಎಎಲ್, 1954ರಲ್ಲಿ ಬಿಇಎಲ್ ಬಂತು, ಸತೀಶ್ ಧವನ್ ಐಐಎಸ್‌ಸಿ ಡೈರೆಕ್ಟರ್ ಆಗಿದ್ದ ಕಾಲದಲ್ಲೇ ಪ್ರೊಫೆಸರುಗಳು ಇಂಡಸ್ಟ್ರಿಗೆ ಸಲಹೆ ಕೊಡೋಕೆ ಅಂತ ಒಂದು ಕೇಂದ್ರ ಶುರುವಾಯ್ತು, ಆಮೇಲೆ 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿದ್ದು. ದಶಕಗಳ ಕೆಲಸ ಅದು. ನಿಮ್ಮಲ್ಲೂ ತಾರಿಹಾಳ ಕೈಗಾರಿಕಾ ಪ್ರದೇಶ ಇದೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ. ಎಂಐಟಿಲಿ 2002ರಲ್ಲಿ ಸಂಶೋಧನೆಯನ್ನ ಲ್ಯಾಬಿಂದ ಮಾರುಕಟ್ಟೆಗೆ ತರೋಕೆ ಅಂತಲೇ ಶುರುವಾದ ದೇಶಪಾಂಡೆ ಸೆಂಟರಿಗೆ ದಾನ ಕೊಟ್ಟ ಗುರುರಾಜ ದೇಶಪಾಂಡೆ ನಿಮ್ಮ ಹುಬ್ಬಳ್ಳಿಯವರೇ.

ಒಪ್ಕೊಳ್ಳಿ ಅಂತಲೇ ನನ್ನ ಸಲಹೆ, ಆದ್ರೆ ಸಹಿ ಹಾಕೋ ಮುಂಚೆ ಎರಡು ವಿಷಯ ಬರವಣಿಗೆಲಿ ತಗೊಳ್ಳಿ. ಅವಧಿ ಐದು ವರ್ಷಕ್ಕೆ ಕಡಿಮೆ ಇರಬಾರದು, ಟರ್ಮನ್ ಡೀನ್ ಆಗಿ ಸುಮಾರು ಹತ್ತು, ಪ್ರೊವೋಸ್ಟ್ ಆಗಿ ಹತ್ತು ವರ್ಷ ಇದ್ದವರು. ಮತ್ತೆ ಪ್ರಾಜೆಕ್ಟ್ ಓವರ್‌ಹೆಡ್ ದುಡ್ಡಲ್ಲಿ, ಅಂದ್ರೆ ಪ್ರಾಜೆಕ್ಟ್ ಗ್ರಾಂಟಲ್ಲಿ ಸಂಸ್ಥೆಯ ಖರ್ಚಿಗೆ ಅಂತ ಬರೋ ಭಾಗದಲ್ಲಿ ಒಂದು ಪಾಲು ನಿಮ್ಮ ಕೈಲಿರಬೇಕು, ಒಬ್ಬ ಹುಡುಗನಿಗೆ ಆರು ತಿಂಗಳು ಫೆಲೋಶಿಪ್ ಕೊಡೋಕೆ ಮೂರು ಕಮಿಟಿ ದಾಟಬೇಕಂದ್ರೆ ಅವನು ಅಷ್ಟರಲ್ಲಿ ಪುಣೆಲಿರ್ತಾನೆ. ಕುರ್ಚಿ ಸಿಕ್ಕಿದ ಮೇಲೆ ಮೊದಲ ವರ್ಷ ಕಟ್ಟಡದ ಮಾತೆತ್ತಬೇಡಿ, ತಾರಿಹಾಳದ ವರ್ಕ್‌ಶಾಪ್ ಮಾಲೀಕರ ಹತ್ರ ಹೋಗಿ ಅವರ ಇಂಜಿನಿಯರುಗಳಿಗೆ ಏನು ಬರಲ್ಲ, ಏನು ಕಲಿಸಬೇಕು ಅಂತ ಕೇಳಿ. ಕೆಲಸದಲ್ಲಿರೋರಿಗೆ ಸಂಜೆ ಕ್ಲಾಸ್ ನಡೆಸೋಕೆ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಎಐಸಿಟಿಇ ಈಗ ಅವಕಾಶ ಕೊಡ್ತಿದೆ, ಅಲ್ಲಿಂದಲೇ ಶುರು ಮಾಡಬಹುದು.

ನಿಮ್ಮ ಸ್ವಂತ ರಿಸರ್ಚ್ ಕಡಿಮೆ ಆಗೇ ಆಗುತ್ತೆ ಸರ್, ಇಲ್ಲ ಅಂತ ಹೇಳೋಕಾಗಲ್ಲ. ಟರ್ಮನ್‌ಗೂ ಆಯ್ತು, ಆದ್ರೂ ಅವರ ರೇಡಿಯೋ ಇಂಜಿನಿಯರಿಂಗ್ ಪಠ್ಯಪುಸ್ತಕದ ನಾಲ್ಕನೇ ಆವೃತ್ತಿ ಬಂದಿದ್ದು ಅವರು ಪ್ರೊವೋಸ್ಟ್ ಆದ 1955ರಲ್ಲೇ. ನೀವೂ ವಾರಕ್ಕೆ ಒಂದು ಕ್ಲಾಸಾದ್ರೂ ಇಟ್ಕೊಳ್ಳಿ, ಮುಂದೆ ಯಾರನ್ನ ವಾಪಸ್ ಕರೆಸಬೇಕು ಅನ್ನೋ ಹೆಸರುಗಳು ಸಿಗೋದು ಅಲ್ಲೇ.