ಅರ್ಧ ಗಂಟೆಯ ಆಟದಲ್ಲಿ ಆಳವಿದೆಯೇ?

ಪ್ರಶ್ನೆ: ಚದುರಂಗಕ್ಕೆ ಕುಳಿತರೆ ಇಡೀ ಸಂಜೆ ಹೋಗುತ್ತದೆಂದು ನಮ್ಮ ಮನೆಯಲ್ಲಿ ಈಗ ಆಡು–ಹುಲಿ ಆಟ ಆಡುತ್ತಿದ್ದೇವೆ. ಅರ್ಧ ಗಂಟೆಯೊಳಗೆ ಮುಗಿಯುವ ಈ ಆಟದಲ್ಲಿ ಬುದ್ಧಿಗೆ ನಿಜವಾಗಿ ಕೆಲಸವಿದೆಯೇ? ಆಡುಗಳನ್ನು ನಡೆಸುವವರೇ ಸದಾ ಸೋಲುತ್ತಾರಲ್ಲ, ಇದು ಆಟದ ದೋಷವೇ?
– ಓದುಗರು, ಸಾಗರ

ಉತ್ತರ: ಕೆಲಸವಿದೆ, ಅದೂ ಮೊದಲ ಕಾಯಿ ಇಡುವಾಗಿನಿಂದಲೇ. ತ್ರಿಕೋನಕ್ಕೆ ಅಡ್ಡಗೆರೆಗಳನ್ನು ಎಳೆದ ಮಣೆಯಲ್ಲಿ ಗೆರೆಗಳು ಕೂಡುವ 23 ಮನೆಗಳು, 3 ಹುಲಿಗಳು, 15 ಆಡುಗಳು. ಹುಲಿಗಳು ಆಡುಗಳನ್ನು ಹಾರಿ ಹೊಡೆಯುತ್ತವೆ, ಆಡುಗಳು ಹುಲಿಗಳನ್ನು ಕದಲದಂತೆ ಕಟ್ಟಿಹಾಕಬೇಕು. ದಾಳವಿಲ್ಲದ ಕಾರಣ ಸೋತವರು ಅದೃಷ್ಟವನ್ನು ದೂರುವಂತಿಲ್ಲ. ಒಂದೂ ಆಡು ಸಾಯದೆ ಹದಿನೈದೂ ಮಣೆಗೆ ಬಂದರೆ ಖಾಲಿ ಉಳಿಯುವುದು ಐದೇ ಮನೆ, ಹುಲಿಗಳ ಓಡಾಟವೆಲ್ಲ ಆ ಐದರಲ್ಲಿ. ಒಂದು ಆಡು ಸತ್ತಿತೆಂದರೆ ಖಾಲಿ ಮನೆ ಆರಾಗುತ್ತದೆ, ಸುತ್ತುಗಟ್ಟುವ ಕಾಯಿ ಹದಿನಾಲ್ಕಕ್ಕೆ ಇಳಿಯುತ್ತದೆ. ಒಂದೇ ತಪ್ಪಿಗೆ ಎರಡು ದಂಡ ತೆರಬೇಕು.

ಆಟದ ತಿರುಳು ಇರುವುದು ಇನ್ನೊಂದು ನಿಯಮದಲ್ಲಿ. ಹದಿನೈದೂ ಆಡುಗಳು ಇಳಿಯುವ ತನಕ ಇಟ್ಟ ಆಡನ್ನು ಕದಲಿಸುವಂತಿಲ್ಲ, ಆದರೆ ಹುಲಿಗಳು ಅಷ್ಟರಲ್ಲೇ ಸುತ್ತಾಡತೊಡಗಿರುತ್ತವೆ. ಹಾಗಾಗಿ ಮೂರನೆಯ ಆಡನ್ನು ಎಲ್ಲಿಟ್ಟಿರೋ ಅದರ ಫಲವನ್ನು ಹನ್ನೆರಡನೆಯದು ಉಣ್ಣುತ್ತದೆ. ದೀರ್ಘ ಆಟಗಳಲ್ಲಿ ಇಂಥ ಹಳೆಯ ತಪ್ಪು ಮರೆತೇ ಹೋಗುತ್ತದೆ. ಇಲ್ಲಿ ಆಟ ಚಿಕ್ಕದಾದ್ದರಿಂದ ಸೋತ ಗಳಿಗೆಯಲ್ಲೇ ನಡೆಗಳನ್ನು ಹಿಂದಕ್ಕೆ ಎಣಿಸಿ, ಕೆಟ್ಟದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು, ಮರುಕ್ಷಣವೇ ಪಕ್ಷ ಬದಲಿಸಿ ಆಡಬಹುದು. ದಪ್ಪ ನಿಯಮ ಪುಸ್ತಕದೊಂದಿಗೆ ಬರುವ ಪೆಟ್ಟಿಗೆಯ ಆಟಗಳಲ್ಲಿ ಈ ಸುಖ ನನಗೆ ವಿರಳವಾಗಿ ಸಿಕ್ಕಿದೆ.

ಆಡುಗಳು ಸೋಲುವುದು ಆಟದ ದೋಷವಲ್ಲ. ಹೊಸಬರು ಹುಲಿಯನ್ನು ಬೇಗ ಕಟ್ಟುವ ಆತುರದಲ್ಲಿ ಆಡುಗಳನ್ನು ಮಣೆಯ ನಡುವೆ ತಂದಿಡುತ್ತಾರೆ. ಪಕ್ಕದ ಆಡಿನ ಆಚೆಗೆ ಅದೇ ಗೆರೆಯ ಮೇಲೆ ಖಾಲಿ ಮನೆಯಿದ್ದರೆ ಮಾತ್ರ ಹುಲಿ ಹಾರಿ ಹೊಡೆಯಬಲ್ಲದು. ಗೆರೆಗಳೆಲ್ಲ ಬಂದು ನಿಲ್ಲುವ ಮೂಲೆಯಲ್ಲಿ ಕುಳಿತ ಆಡಿನ ಆಚೆ ಮನೆಯೇ ಇಲ್ಲ. ಆದ್ದರಿಂದ ಮೊದಲು ಮೂಲೆಗಳನ್ನು ತುಂಬಿ, ಅಲ್ಲಿಂದ ಒಂದಕ್ಕೊಂದು ಬೆನ್ನಾಗುವಂತೆ ಒಳಕ್ಕೆ ಸರಿಯಿರಿ. ನೇಪಾಳದ ಬಾಘ್‌ಚಾಲ್ ಇದರ ದಾಯಾದಿ. ಅಲ್ಲಿ 25 ಮನೆ, 4 ಹುಲಿ, 20 ಆಡು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆ ಆಟ ಸಮವಾಗಿ ಮುಗಿಯುತ್ತದೆಂದು ಕಂಪ್ಯೂಟರ್ ಲೆಕ್ಕಾಚಾರ ತೋರಿಸಿಕೊಟ್ಟಿದೆ. ಬೇರೆ ಮಣೆಯ ಆ ತೀರ್ಮಾನವನ್ನು ನಮ್ಮದಕ್ಕೆ ಹಾಗೇ ಹೊರಿಸಬಾರದು, ನಿಜ. ಆದರೂ ಮೇಲ್ನೋಟಕ್ಕೆ ಬಡಪಾಯಿಯಾದ ಪಕ್ಷ ನಿಜಕ್ಕೂ ಹಾಗಿರಬೇಕಿಲ್ಲ ಎಂಬುದಕ್ಕೆ ಅಷ್ಟು ಸಾಕು.

ಎಷ್ಟು ಆಡು ಸತ್ತರೆ ಹುಲಿಗೆ ಗೆಲುವು ಎಂಬುದು ಊರಿಂದೂರಿಗೆ ಬೇರೆಯಾಗುತ್ತದೆ. ಅದನ್ನು ಕೂರುವ ಮೊದಲೇ ಗೊತ್ತುಮಾಡಿಕೊಳ್ಳಿ. ಆಮೇಲೆ ಜೋಡಿ ಆಟ ಆಡಿ: ಒಮ್ಮೆ ನೀವು ಹುಲಿ, ಒಮ್ಮೆ ಅವರು. ಎರಡರಲ್ಲೂ ಹುಲಿಯೇ ಗೆದ್ದರೆ, ಆಡುಗಳನ್ನು ಹೆಚ್ಚು ನಡೆಗಳವರೆಗೆ ಉಳಿಸಿಕೊಂಡವರನ್ನು ಗೆದ್ದವರೆಂದು ಎಣಿಸಿ.