ಕೆಟಲಿಗೊಂದು ಕುಲಾವಿ

ಹಿಂದಿನ ತಿಂಗಳು ಈ ಅಂಕಣದಲ್ಲಿ ಮಗುವಿನ ಕುಲಾವಿ ಹೆಣೆಯುವ ಕ್ರಮವನ್ನು ವಿವರಿಸುವಾಗ, ಅದೇ ಲೆಕ್ಕದಲ್ಲಿ ಚಹಾದ ಕೆಟಲಿಗೂ ಒಂದು ಕುಲಾವಿ ಹೆಣೆಯಬಹುದೆಂದು ಮಾತಿಗೆ ಬರೆದಿದ್ದೆ. ಆ ಒಂದು ವಾಕ್ಯವನ್ನು ಹಿಡಿದು ಬಂದ ಪತ್ರಗಳೇ ಈ ಬಾರಿ ಹೆಚ್ಚಾಗಿರುವುದರಿಂದ, ಸ್ವೆಟರಿನ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಉಳಿಸಿಕೊಂಡು, ಚಹಾದ ಸರಂಜಾಮಿಗೆ ಸಂಬಂಧಿಸಿದವುಗಳಿಗಷ್ಟೇ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಅತ್ತೆಯವರ ಕಾಲದ ಪಿಂಗಾಣಿ ಟೀ ಪಾಟ್ ಒಂದು ನಮ್ಮ ಮನೆಯಲ್ಲಿದೆ. ಮಳೆಗಾಲದಲ್ಲಿ ಎರಡನೆಯ ಕಪ್ಪಿಗೆ ಬಗ್ಗಿಸುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತದೆ. ಹೊದಿಕೆ ಹೆಣೆಯಲು ಅಂಗಡಿಯಲ್ಲಿ ಸಿಗುವ ಸಾಧಾರಣ ಉಲ್ಲನ್ ಸಾಕೇ? ಎಷ್ಟು ಕುಣಿಕೆ ಹಾಕಬೇಕು?
— ಓದುಗರು, ಮಡಿಕೇರಿ

ಉತ್ತರ: ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವ ಉಂಡೆಗಳಲ್ಲಿ ಬಹಳಷ್ಟು ಉಣ್ಣೆಯಲ್ಲ, ಅಕ್ರಿಲಿಕ್. ಮೊದಲು ಚೀಟಿ ಓದಿ. ಚೀಟಿ ಹರಿದುಹೋಗಿದ್ದರೆ ಬೆರಳುದ್ದದ ಎಳೆಯೊಂದನ್ನು ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ, ಕಡ್ಡಿ ಗೀರಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗಿ, ಒತ್ತಿದರೂ ಒಡೆಯದ ಗಟ್ಟಿ ಗುಂಡಿನಂತಾಗುತ್ತದೆ. ಈ ವ್ಯತ್ಯಾಸವನ್ನು ನಾನು ಕಲಿತದ್ದು ಹೀಗೆ ಪರೀಕ್ಷಿಸಿಯಲ್ಲ. ಒಲೆಯಿಂದ ಆಗಷ್ಟೇ ಇಳಿಸಿದ ಅಲ್ಯೂಮಿನಿಯಂ ಕೆಟಲಿಗೆ ನನ್ನ ಮೊದಲ ಹೊದಿಕೆಯನ್ನು ಹಾಕಿದಾಗ ಅದರ ಕೆಳಸಾಲು ಪಾತ್ರೆಗೇ ಅಂಟಿಕೊಂಡು, ಕಿತ್ತ ಮೇಲೆ ಒಣಗಿದ ಗೋಂದಿನಂತೆ ಹೊಳೆಯುತ್ತಿತ್ತು. ನಿಮ್ಮದು ಪಿಂಗಾಣಿಯಾದ್ದರಿಂದ ಅಷ್ಟು ಅನಾಹುತವಾಗದು; ಆದರೂ ಉಣ್ಣೆಯೇ ಇರಲಿ. ಅದು ಕರಗುವುದಿಲ್ಲ, ತನ್ನ ತೂಕದ ಶೇಕಡ 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ, ಹಬೆ ತಾಗಿದರೂ ಜೋತುಬೀಳುವುದಿಲ್ಲ.

ಶಾಖವನ್ನು ತಡೆಯುವುದು ನೂಲಿಗಿಂತ ಹೆಚ್ಚಾಗಿ, ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಆದ್ದರಿಂದ ಬಿಗಿಯಾಗಿ, ಚಪ್ಪಟೆಯಾಗಿ ಹೆಣೆದ ಚಂದದ ಹೊದಿಕೆಗಿಂತ, ಎರಡು ನೇರ ಎರಡು ಉಲ್ಟಾ ಹಾಕಿ ಏಣು ತಗ್ಗುಗಳಿರುವಂತೆ ಹೆಣೆದದ್ದು ಹೆಚ್ಚು ಹೊತ್ತು ಬಿಸಿ ಹಿಡಿಯುತ್ತದೆ. ಒಳಗೆ ಹಳೆಯ ಹತ್ತಿ ಬಟ್ಟೆಯ ಅಸ್ತರಿ ಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನು ಲೆಕ್ಕ. ಪಾಟಿನ ಹೊಟ್ಟೆ ಅತ್ಯಂತ ಅಗಲವಾಗಿರುವಲ್ಲಿ ದಾರ ಸುತ್ತಿ ಅಳೆಯಿರಿ. ಸುತ್ತಳತೆ 48 ಸೆಂ.ಮೀ. ಇದೆಯೆಂದುಕೊಳ್ಳೋಣ. ಹಿಡಿ ಮತ್ತು ಮೂತಿಗೆ ಬಾಯಿ ಬಿಡಬೇಕಾದ್ದರಿಂದ 24 ಸೆಂ.ಮೀ.ನ ಎರಡು ತುಂಡುಗಳು ಬೇಕು. 4 ಮಿ.ಮೀ. ಕಡ್ಡಿಯಲ್ಲಿ ಮಧ್ಯಮ ದಪ್ಪದ ಉಣ್ಣೆ 10 ಸೆಂ.ಮೀ.ಗೆ ಸುಮಾರು 22 ಕುಣಿಕೆ ಬರುತ್ತದೆ; ಹಾಗೆ 53ರಷ್ಟಾಗುತ್ತದೆ. ಹೊದಿಕೆ ಮೈಗೆ ಕಚ್ಚಿಕೊಂಡಿರಬೇಕಾದ್ದರಿಂದ 50 ಹಾಕಿ. ನಾಲ್ಕರ ಮಗ್ಗಿಗೆ ಎರಡು ಸೇರಿಸಿದ ಸಂಖ್ಯೆ ಅದಾದ್ದರಿಂದ ಎರಡು ನೇರ ಎರಡು ಉಲ್ಟಾ ಅಂಚಿನಿಂದ ಅಂಚಿಗೆ ಸರಿಯಾಗಿ ಕೂರುತ್ತದೆ. ಮುಚ್ಚಳದ ಅಂಚಿನವರೆಗೆ ಎರಡನ್ನೂ ಬೇರೆ ಬೇರೆಯಾಗಿ ಹೆಣೆದು, ಆಮೇಲೆ ಒಂದೇ ಸುತ್ತಾಗಿ ಸೇರಿಸಿ, ಕುಲಾವಿಯ ನೆತ್ತಿಯಂತೆ ಇಳಿಸುತ್ತ ಹೋಗಿ. ಕೆಳಗೆ ಹಿಡಿಯ ಬುಡದಲ್ಲೂ ಮೂತಿಯ ಬುಡದಲ್ಲೂ ಎರಡೆರಡು ಸೆಂ.ಮೀ. ಹೊಲಿದುಬಿಡಿ. ಬಗ್ಗಿಸುವಾಗ ಇದನ್ನು ತೆಗೆಯಬೇಕಾಗಿಲ್ಲ.

ಒಂದು ಮಾತು ಹೆಣಿಗೆಯದಲ್ಲ, ಚಹಾದ್ದು. ಈ ಹೊದಿಕೆ 19ನೆಯ ಶತಮಾನದ ಬ್ರಿಟನ್ನಿನಲ್ಲಿ ರೂಢಿಗೆ ಬಂದದ್ದು ಮಧ್ಯಾಹ್ನದ ಚಹಾದ ಕೂಟ ಗಂಟೆಗಟ್ಟಲೆ ನಡೆಯುತ್ತಿದ್ದ ಮನೆಗಳಲ್ಲಿ; ಅವರು ಹಾಲನ್ನು ಕಪ್ಪಿಗೆ ಬೇರೆಯಾಗಿ ಹಾಕಿಕೊಳ್ಳುತ್ತಾರೆ. ಸೊಪ್ಪನ್ನು ಒಳಗೇ ಬಿಟ್ಟು ಹೊದಿಸಿದರೆ ಬಿಸಿಯಲ್ಲಿ ಒಗರು ಇಳಿಯುತ್ತಲೇ ಇದ್ದು ಎರಡನೆಯ ಕಪ್ಪು ಕಷಾಯವಾಗುತ್ತದೆ. ನಾಲ್ಕೈದು ನಿಮಿಷದಲ್ಲಿ ಸೋಸಿ, ಆಮೇಲೆ ಹೊದಿಸಿ. ಹಾಲು ಹಾಕಿ ಕುದಿಸಿದ ನಮ್ಮ ಚಹಾ ಅರ್ಧ ಗಂಟೆಯ ಮೇಲೆ ಇರಬೇಕಿದ್ದರೆ ಹೊದಿಕೆಯನ್ನು ನಂಬದೆ ಫ್ಲಾಸ್ಕಿಗೆ ಹಾಕಿಬಿಡುವುದು ಲೇಸು.

ಪ್ರಶ್ನೆ: ಸ್ಟೀಲ್ ಲೋಟ ಕೈ ಸುಡುತ್ತದೆಂದು ಅದಕ್ಕೊಂದು ಪಟ್ಟಿ ಹೆಣೆದೆ. ಹಿಡಿದು ಎತ್ತಿದರೆ ಲೋಟ ಬರುತ್ತದೆ, ಮೇಜಿನ ಮೇಲಿಟ್ಟು ಎರಡು ಸಲ ಅಲುಗಿಸಿದರೆ ಪಟ್ಟಿ ಜಾರಿ ಕೆಳಗೆ ಬಿದ್ದಿರುತ್ತದೆ. ಬಿಗಿ ಮಾಡಿದರೂ ಅಷ್ಟೇ.
— ಓದುಗರು, ಧಾರವಾಡ

ಉತ್ತರ: ಬಿಗಿ ಮಾಡಿದಷ್ಟೂ ಬೇಗ ಜಾರುತ್ತದೆ, ಏಕೆಂದರೆ ನಮ್ಮ ಲೋಟ ಮೇಲೆ ಅಗಲ, ಕೆಳಗೆ ಕಿರಿದು, ಬಿಗಿದ ಪಟ್ಟಿ ತಾನು ಸಡಿಲಗೊಳ್ಳುವ ಕಡೆಗೇ ಸರಿಯುತ್ತದೆ. ಹಿಡಿಯಿರುವ ನೇರ ಮಗ್ಗಿನ ಮಾದರಿಯನ್ನು ನೋಡಿ ಹೆಣೆದವರಿಗೆಲ್ಲ ಈ ತೊಂದರೆ ಬರುತ್ತದೆ. ಲೋಟಕ್ಕೆ ಬೇಕಾದದ್ದು ಪಟ್ಟಿಯಲ್ಲ, ಕಾಲುಚೀಲ. ತಳ ಮುಚ್ಚಿದ್ದರೆ ಬೀಳಲು ಜಾಗವೇ ಇರುವುದಿಲ್ಲ, ಮೇಜಿಗೂ ಬಿಸಿ ತಾಗುವುದಿಲ್ಲ.

ದಪ್ಪ ಹತ್ತಿ ನೂಲಿನಲ್ಲಿ, ಸೆಂಟಿಮೀಟರಿಗೆ ಎರಡು ಕುಣಿಕೆ ಬರುವ ಕ್ರೋಶಾ ಕಡ್ಡಿಯಲ್ಲಿ (ತುದಿಯಲ್ಲಿ ಕೊಕ್ಕೆಯಿರುವ ಒಂಟಿ ಕಡ್ಡಿ), ಗಿಡ್ಡ ಕುಣಿಕೆಯಿಂದ ಶುರುಮಾಡಿ. ಮೊದಲ ಸುತ್ತಿಗೆ 6, ಆಮೇಲೆ ಸುತ್ತಿಗೆ ಆರಾರು ಏರಿಸುತ್ತ 36ಕ್ಕೆ ಬಂದರೆ ತಳ ಮುಗಿಯಿತು. ಅದು ಸುಮಾರು 18 ಸೆಂ.ಮೀ. ಸುತ್ತಳತೆಯ ಸಾಧಾರಣ ಲೋಟದ ತಳಕ್ಕೆ ಹೊಂದುತ್ತದೆ. ಮುಂದಿನ ಒಂದು ಸುತ್ತನ್ನು ಕುಣಿಕೆಯ ಹಿಂದಿನ ಎಳೆಯಲ್ಲಿ ಮಾತ್ರ ಹೆಣೆದರೆ ಅಲ್ಲಿ ಅಂಚು ಮಡಿದು ಗೋಡೆ ನೇರ ನಿಲ್ಲುತ್ತದೆ. ಗೋಡೆ ಏರುತ್ತ ಹೋದಂತೆ ಒಂದು ಸುತ್ತಿನಲ್ಲಿ 42, ಇನ್ನಷ್ಟು ಮೇಲೆ 48 ಮಾಡಿ. ಬಾಯಿಯಿಂದ ಎರಡು ಬೆರಳು ಕೆಳಗೆ ನಿಲ್ಲಿಸಿ. ತುಟಿಗೆ ನೂಲು ತಾಗಿದರೆ ಚಹಾದ ರುಚಿಯೇ ಹೋಗುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ನೋಡಿಕೊಂಡು, ಲೋಟದ ಕೆಳಗಿಡುವ ಕೋಸ್ಟರ್ ಎರಡು ಹಾಕಿದೆ. ಎರಡರಲ್ಲೂ ಡಬಲ್ ಕ್ರೋಶಾ ಎಂದೇ ಹೇಳಿದ್ದರು. ಒಂದು ಬಟ್ಟಲಿನಂತೆ ಮೇಲಕ್ಕೆದ್ದಿತು. ಕಡ್ಡಿ ಹಿಡಿದದ್ದೇ ತಪ್ಪಿರಬೇಕೆಂದು ಇನ್ನೊಂದನ್ನು ಬೇರೆ ರೀತಿ ಹಾಕಿದರೆ ಅದು ಸಂಡಿಗೆಯಂತೆ ಅಲೆಯಲೆಯಾಯಿತು. ನನ್ನ ಕೈಯೇ ಸರಿಯಿಲ್ಲವೇ?
— ಓದುಗರು, ತುಮಕೂರು

ಉತ್ತರ: ನಿಮ್ಮ ಕೈ ಸರಿಯಿದೆ, ಹೆಸರು ಸರಿಯಿಲ್ಲ. ಅಮೆರಿಕದವರು ಸಿಂಗಲ್ ಕ್ರೋಶಾ ಎಂದು ಕರೆಯುವ ಗಿಡ್ಡ ಕುಣಿಕೆಯನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುತ್ತಾರೆ. ಅಮೆರಿಕದವರ ಡಬಲ್ ಕ್ರೋಶಾ ಎತ್ತರದ ಕುಣಿಕೆ. ಅದು ಬ್ರಿಟನ್ನಿನಲ್ಲಿ ಟ್ರೆಬಲ್. ನಮ್ಮಲ್ಲಿ ಹಳೆಯ ಪುಸ್ತಕ ನೋಡಿ ಕಲಿತವರ ಬಾಯಲ್ಲಿ ಬ್ರಿಟನ್ನಿನ ಹೆಸರುಗಳಿವೆ, ಈಗ ಮೊಬೈಲಿನಲ್ಲಿ ಕಲಿಯುವವರ ಬಾಯಲ್ಲಿ ಅಮೆರಿಕದವು. ಒಂದೇ ಮನೆಯ ಅಜ್ಜಿಗೂ ಮೊಮ್ಮಗಳಿಗೂ ಇದರಿಂದ ಜಗಳವಾಗಿರುವುದನ್ನು ನಾನು ಕಂಡಿದ್ದೇನೆ.

ಚಪ್ಪಟೆಯ ಚಕ್ರಕ್ಕೆ ಕಾರಣ ಶಾಲೆಯ ಲೆಕ್ಕವೇ. ವೃತ್ತದ ತ್ರಿಜ್ಯ ಒಂದು ಕುಣಿಕೆಯ ಎತ್ತರದಷ್ಟು ಹೆಚ್ಚಿದರೆ, ಪರಿಧಿ ಆ ಎತ್ತರದ ಸುಮಾರು 6.28 ಪಟ್ಟು ಹೆಚ್ಚಬೇಕು. ಗಿಡ್ಡ ಕುಣಿಕೆ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟೇ ಅಗಲವಿರುವುದರಿಂದ ಸುತ್ತಿಗೆ ಆರು ಕುಣಿಕೆ ಸೇರಿಸಿದರೆ ಸಾಕು: 6, 12, 18, 24, 30, 36. ಎತ್ತರದ ಕುಣಿಕೆ ಅದರ ಇಮ್ಮಡಿಯಷ್ಟಿರುವುದರಿಂದ ಸುತ್ತಿಗೆ ಹನ್ನೆರಡು ಬೇಕು: 12, 24, 36. ಸುತ್ತಿಗೆ ಆರು ಏರಿಸಲು ಹೇಳುವ ಬ್ರಿಟನ್ನಿನ ಮಾದರಿಯನ್ನು ನೀವು ಎತ್ತರದ ಕುಣಿಕೆಯಲ್ಲಿ ಹಾಕಿದಿರಿ, ಪರಿಧಿ ಸಾಲದೆ ಬಟ್ಟಲಾಯಿತು. ಹನ್ನೆರಡು ಏರಿಸುವ ಅಮೆರಿಕದ ಮಾದರಿಯನ್ನು ಗಿಡ್ಡ ಕುಣಿಕೆಯಲ್ಲಿ ಹಾಕಿದಿರಿ, ಪರಿಧಿ ಮಿಕ್ಕಿ ಸಂಡಿಗೆಯಾಯಿತು. ಮುಂದೆ ಯಾವ ಮಾದರಿ ನೋಡಿದರೂ ಹೆಸರನ್ನು ಬಿಟ್ಟು ಮೊದಲ ಸುತ್ತಿನಲ್ಲಿ ಎಷ್ಟು ಕುಣಿಕೆ ಇದೆಯೆಂದು ಎಣಿಸಿ: ಆರಿದ್ದರೆ ಗಿಡ್ಡದು, ಹನ್ನೆರಡಿದ್ದರೆ ಎತ್ತರದ್ದು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಏರಿಸಿದರೆ ಚಕ್ರ ಆರು ಮೂಲೆಯದಾಗುವುದರಿಂದ ಏರಿಸುವ ಜಾಗವನ್ನು ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸರಿಸುತ್ತಿರಿ.

ಪ್ರಶ್ನೆ: ಬಿಳಿ ಹತ್ತಿ ನೂಲಿನ ಕೋಸ್ಟರುಗಳ ಮೇಲೆ ಚಹಾದ ಕಲೆ ಹೋಗುತ್ತಿಲ್ಲ. ಒಂದೆರಡರಲ್ಲಿ ಕಪ್ಪು ಚುಕ್ಕೆಗಳೂ ಬಂದಿವೆ.
— ಓದುಗರು, ಮೈಸೂರು

ಉತ್ತರ: ಚಹಾಕ್ಕೆ ಒಗರು ಕೊಡುವ ಟ್ಯಾನಿನ್ ಹತ್ತಿಗೆ ಬಣ್ಣವಾಗಿಯೇ ಹಿಡಿಯುತ್ತದೆ; ಬೇಕೆಂದೇ ಚಹಾದಲ್ಲಿ ನೂಲು ಅದ್ದಿ ತಿಳಿಗಂದು ಬಣ್ಣ ಕೊಡುವವರಿದ್ದಾರೆ. ಚೆಲ್ಲಿದ ತಕ್ಷಣ ತಣ್ಣೀರಿನಲ್ಲಿ ಜಾಲಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಕಪ್ಪು ಚುಕ್ಕೆಯ ಕಾರಣ ಬೇರೆ. ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಹಳೆಯ ಕಾಲದ ಮಸಿ ಮಾಡುತ್ತಿದ್ದದ್ದೂ ಹಾಗೆಯೇ. ತುಕ್ಕು ಹಿಡಿದ ತಟ್ಟೆಯ ಮೇಲೆ ಒದ್ದೆ ಕೋಸ್ಟರ್ ಇಟ್ಟಿದ್ದಿರಬಹುದು, ಒಣಗಿಸಲು ತಂತಿಗೆ ಸಿಕ್ಕಿಸಿದ್ದಿರಬಹುದು. ಆ ಕಲೆ ಪೂರ್ತಿ ಹೋಗುವುದು ಕಷ್ಟ. ಮುಂದಿನದನ್ನು ಚಹಾದ ಬಣ್ಣದ ನೂಲಿನಲ್ಲೇ ಹಾಕಿಬಿಡಿ ಎಂಬುದು ನನ್ನ ಸೋಮಾರಿ ಸಲಹೆ.

ಪ್ರಶ್ನೆ: ಊರಿನಿಂದ ಅಮ್ಮ ಹೆಣೆದು ಕಳಿಸಿದ ಉಣ್ಣೆಯ ಹೊದಿಕೆಯನ್ನು ಮಿಷಿನ್ನಿಗೆ ಹಾಕಿ ಬಿಸಿನೀರಿನಲ್ಲಿ ಒಗೆದೆ. ಈಗ ಅದು ಬೊಂಬೆಯ ಟೋಪಿಯಷ್ಟಾಗಿದೆ. ಮತ್ತೆ ಹಿಗ್ಗಿಸಬಹುದೇ?
— ಓದುಗರು, ಲೀಡ್ಸ್, ಇಂಗ್ಲೆಂಡ್

ಉತ್ತರ: ಇಲ್ಲ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಪೊರೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಹಾಗೆ ಬಿಗಿಯುತ್ತವೆ. ಹಾಳಾಯಿತೆಂದು ಎಸೆಯಬೇಡಿ. ಹೀಗೆ ಬಿಗಿದ ಉಣ್ಣೆಯನ್ನು ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಅದರಿಂದಲೇ ಎರಡು ದಪ್ಪನೆಯ ಕೋಸ್ಟರ್ ಕತ್ತರಿಸಿಕೊಳ್ಳಬಹುದು. ಅಮ್ಮನಿಗೆ ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು. ಇನ್ನೊಂದು ಹೆಣೆಸುವುದಾದರೆ ಸೂಪರ್‌ವಾಷ್ ಎಂದು ಬರೆದಿರುವ ಉಣ್ಣೆಯನ್ನು ನೀವೇ ಕಳಿಸಿಕೊಡಿ, ಆ ಪದರಗಳು ಸಿಕ್ಕಿಕೊಳ್ಳದಂತೆ ಅದನ್ನು ಮೊದಲೇ ಸಂಸ್ಕರಿಸಿರುತ್ತಾರೆ.

ಪ್ರಶ್ನೆ: ನಮ್ಮ ಕಡೆ ಕಂಬಳಿಗೆ ನೂಲುವ ಕುರಿಯುಣ್ಣೆ ಮನೆಯಲ್ಲಿದೆ. ಚಹಾದ ಸಾಮಾನಿಗೆ ಅದು ಆದೀತೇ?
— ಓದುಗರು, ಚಳ್ಳಕೆರೆ

ಉತ್ತರ: ಧಾರಾಳವಾಗಿ ಆಗುತ್ತದೆ, ಆದರೆ ಎಲ್ಲದಕ್ಕೂ ಅಲ್ಲ. ದಖನಿ ಕುರಿಯ ಉಣ್ಣೆ ಒರಟು, ಎಳೆ ಗಿಡ್ಡ. ಕೈಯಲ್ಲಿ ಹಿಡಿಯುವ ಲೋಟಕ್ಕೆ ಹಾಕಿದರೆ ಚುಚ್ಚುತ್ತದೆ. ಬಿಸಿ ಪಾತ್ರೆ ಇಳಿಸುವ ಸಿಂಬೆಗೆ ಮಾತ್ರ ಅದಕ್ಕಿಂತ ಒಳ್ಳೆಯ ನೂಲನ್ನು ನೀವು ದುಡ್ಡು ಕೊಟ್ಟು ತರಬೇಕಾಗಿಲ್ಲ. ಎರಡೆಳೆ ಸೇರಿಸಿ, 8 ಮಿ.ಮೀ. ಕೊಕ್ಕೆಯಲ್ಲಿ, ಮೇಲೆ ಹೇಳಿದ ಆರರ ಲೆಕ್ಕದಲ್ಲೇ ಅಂಗೈಗಿಂತ ದೊಡ್ಡ ಚಕ್ರ ಹಾಕಿ. ಕಪ್ಪು, ಕಂದು, ಬೂದು ಮೂರೂ ಕುರಿಯ ಮೈಬಣ್ಣವಾದ್ದರಿಂದ ಬಣ್ಣ ಬಿಡುವ ಭಯವಿಲ್ಲ. ಮಗ್ಗಕ್ಕೆಂದು ಹುಣಸೆ ಬೀಜದ ಗಂಜಿ ಹಚ್ಚಿದ ನೂಲಾದರೆ ಮೊದಲು ನೆನೆಸಿ ತೊಳೆದುಕೊಳ್ಳಿ, ಇಲ್ಲದಿದ್ದರೆ ಕೊಕ್ಕೆಯಲ್ಲಿ ಎಳೆ ಜಾರುವುದಿಲ್ಲ.

ಪ್ರಶ್ನೆ: ನೊಣ ಕೂರದಂತೆ ಲೋಟದ ಮೇಲೆ ಮುಚ್ಚುವ ಮಣಿಯ ಜಾಲರಿ ಹಾಕುವಾಗ ಮಣಿಯನ್ನು ಕೊನೆಗೆ ಹೊಲಿಯಬೇಕೇ?
— ಓದುಗರು, ಕುಂದಾಪುರ

ಉತ್ತರ: ಹೊಲಿದರೆ ಉದುರುತ್ತದೆ. ಶುರುವಿನಲ್ಲೇ ಬೇಕಾದಷ್ಟು ಮಣಿಗಳನ್ನು ನೂಲಿಗೆ ಪೋಣಿಸಿಕೊಂಡು, ಕೊನೆಯ ಸುತ್ತು ಬರುವವರೆಗೆ ಹಿಂದಕ್ಕೆ ಸರಿಸುತ್ತಿರಿ. ಕೊನೆಯ ಸುತ್ತಿನ ಪ್ರತಿ ಕಮಾನಿನ ತುದಿಗೂ ಒಂದೊಂದನ್ನು ಎಳೆದು ಹೆಣೆಯಿರಿ. ಪ್ಲಾಸ್ಟಿಕ್ಕಿಗೆ ತೂಕವಿಲ್ಲ, ಫ್ಯಾನಿನ ಗಾಳಿಗೆ ಜಾಲರಿ ಹಾರುತ್ತದೆ. ಗಾಜಿನ ಮಣಿ ಹಾಕಿ.

ಪ್ರಶ್ನೆ: ಮೇಡಂ, ನನ್ನ ಕೋಸ್ಟರುಗಳನ್ನು ಅಂಗಡಿಯೊಂದರವರು ಕೇಳಿದ್ದಾರೆ. ಯಂತ್ರದ್ದು ಇದಕ್ಕಿಂತ ಅಗ್ಗವಾಗಿ ಸಿಗುತ್ತದೆ ಎಂದು ಬೆಲೆ ಇಳಿಸುತ್ತಿದ್ದಾರೆ. ಏನು ಹೇಳಲಿ?
— ಓದುಗರು, ಬೆಂಗಳೂರು

ಉತ್ತರ: ಕಡ್ಡಿಯ ಹೆಣಿಗೆಗೆ ಇಂಗ್ಲೆಂಡಿನಲ್ಲಿ 1589ರಲ್ಲೇ ಯಂತ್ರ ಬಂದಿತ್ತು, ಕ್ರೋಶಾಕ್ಕೆ ಬಂದಿಲ್ಲ. ಅಂಗಡಿಗಳಲ್ಲಿರುವ ಯಂತ್ರದ ಕ್ರೋಶಾ ಅದರ ಹೋಲಿಕೆಯಷ್ಟೇ, ಬೇರೆ ಬಗೆಯ ಹೆಣಿಗೆ. ನಿಜವಾದ ಕ್ರೋಶಾ ಅಷ್ಟು ಅಗ್ಗವಾಗಿ ಎಲ್ಲಿಯಾದರೂ ಸಿಗುತ್ತಿದ್ದರೆ ಅಲ್ಲಿ ಇನ್ನೊಬ್ಬ ಹೆಣ್ಣುಮಗಳ ಕೂಲಿ ಕಡಿತವಾಗಿದೆ ಎಂದೇ ಅರ್ಥ. ಆಂಧ್ರದ ನರಸಾಪುರದ ಕಡೆ ಮನೆಯಲ್ಲಿ ಕುಳಿತು ಕ್ರೋಶಾ ಲೇಸು ಹಾಕುವ ಹೆಂಗಸರು ತಲೆಮಾರುಗಳಿಂದ ತುಂಡಿಗಿಷ್ಟು ಎಂಬ ಅಲ್ಪ ಕೂಲಿಗೆ ದುಡಿದಿದ್ದಾರೆ, ಅವರ ಕೈಕೆಲಸ ಮಾತ್ರ ಸಮುದ್ರ ದಾಟಿ ಮಾರಾಟವಾಗಿದೆ. ಗಡಿಯಾರ ಮುಂದಿಟ್ಟುಕೊಂಡು ಒಂದು ಕೋಸ್ಟರ್ ಹಾಕಿ, ಬಾಲದ ನೂಲು ಸಿಕ್ಕಿಸಿ ಇಸ್ತ್ರಿ ಮಾಡುವವರೆಗಿನ ಹೊತ್ತನ್ನು ಬರೆದುಕೊಳ್ಳಿ. ನಿಮ್ಮ ಬಡಾವಣೆಯಲ್ಲಿ ಹೊಲಿಗೆ ಕೆಲಸಕ್ಕೆ ಕೊಡುವ ದಿನಗೂಲಿಯ ಲೆಕ್ಕದಲ್ಲಿ ಆ ಹೊತ್ತಿಗೆ ಬೆಲೆ ಕಟ್ಟಿ, ನೂಲಿನ ಖರ್ಚನ್ನು ಅದರ ಮೇಲೆ ಸೇರಿಸಿ ಹೇಳಿ. ಅದಕ್ಕೆ ಅಂಗಡಿಯವರು ಒಪ್ಪದಿದ್ದರೆ ಆರು ಕೋಸ್ಟರುಗಳನ್ನು ಮನೆಯಲ್ಲೇ ಇಟ್ಟುಕೊಂಡು, ಬಂದವರಿಗೆ ಅದರ ಮೇಲೆ ಚಹಾ ಕೊಡಿ. ನನಗೆ ಗೊತ್ತಿರುವ ಹೆಣಿಗೆಯವರಲ್ಲಿ ಹೆಚ್ಚಿನವರಿಗೆ ಗಿರಾಕಿಗಳು ಸಿಕ್ಕಿದ್ದು ಹಾಗೆಯೇ.